ಅಕ್ಕನ ಮಗಳ ಬಯೋಫಿಸಿಕ್ಸ್

ನನ್ನ ಅಕ್ಕನ ಮಗಳು ಮಹಾ ಬುದ್ಧಿವಂತೆ ಎಂದು ಯಾರಾದರೂ ಹೇಳಿದರೆ ನಾನು ಕೂಡಲೇ ಒಪ್ಪಿಬಿಡುತ್ತೇನೆ, ವಾದಕ್ಕೆ ಹೋಗುವುದಿಲ್ಲ. ಆದರೆ ಹಾಗೆ ಹೇಳುವವರು ದಯವಿಟ್ಟು ಅವಳನ್ನು ಕರೆದುಕೊಂಡು ಒಂದೇ ಒಂದು ಸಲ ಮೀನು ಮಾರುಕಟ್ಟೆಗೆ ಹೋಗಿ ಬರಲಿ. ಆಮೇಲೆ ಕೂತು ಮಾತಾಡೋಣ.

ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ಏಟು ತಿಂದವನು ಯಾರೆಂದು ಗೊತ್ತಿಲ್ಲದಿದ್ದರೆ ಏಟಿನ ತೂಕ ತಿಳಿಯುವುದು ಹೇಗೆ? ನಾನು ದುಬೈಯಲ್ಲಿ ಹಳೆಯ ಹೋಟೆಲ್ ಸಾಮಾನಿನ ವ್ಯಾಪಾರಿ. ಈ ಊರಿನಲ್ಲಿ ಒಂದು ಬೀದಿಯಲ್ಲಿ ಹೋಟೆಲು ಮುಚ್ಚುವಾಗ ಇನ್ನೊಂದು ಬೀದಿಯಲ್ಲಿ ಹೋಟೆಲು ತೆರೆಯುತ್ತಿರುತ್ತದೆ. ಮುಚ್ಚುವವನಿಗೆ ಸಮಾಧಾನ ಹೇಳಿ ಅವನ ಫ್ರಿಜ್ಜು, ಒಲೆ, ದೋಸೆ ಕಾವಲಿಗಳನ್ನು ಕೊಂಡುಕೊಳ್ಳುವುದು, ತೆರೆಯುವವನ ಬೆನ್ನು ತಟ್ಟಿ ಅವನ್ನೇ ಅವನಿಗೆ ಮಾರುವುದು ನನ್ನ ಉದ್ಯೋಗ. ಕೆಲವು ಕಾವಲಿಗಳನ್ನು ಎಷ್ಟು ಸಲ ಮಾರಿದ್ದೇನೆಂದರೆ ಅವು ಈಗ ನನ್ನ ಗುರುತು ಹಿಡಿಯುತ್ತವೆ. ಉಡುಪಿ ಕಡೆಯಿಂದ ಒಂದು ಬಟ್ಟೆಯ ಚೀಲ ಹಿಡಿದು ಬಂದವನು ಇವತ್ತು ಸ್ವಂತ ಗೋದಾಮು ಇಟ್ಟುಕೊಂಡಿದ್ದರೆ ಅದು ಒಂದೇ ವಿದ್ಯೆಯ ಬಲದಿಂದ: ಎದುರಿನವನು ಹೇಳಿದ್ದನ್ನು ಮೊದಲ ಸಲಕ್ಕೆ ಒಪ್ಪಿಕೊಳ್ಳದಿರುವುದು. ನಿಮಗೂ ಪುಕ್ಕಟೆಯಾಗಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಬೇಕಾದ ವಸ್ತುವನ್ನು ಯಾವತ್ತೂ ನೇರ ನೋಡಬಾರದು. ಅದರ ಪಕ್ಕದ್ದನ್ನು ನೋಡುತ್ತಾ ಇದರ ಬೆಲೆ ಕೇಳಬೇಕು.

ಈ ನಿಯಮವನ್ನು ನನ್ನ ಅಕ್ಕನ ಮಗಳು ಅಬುಧಾಬಿಯ ಅಲ್ ಮೀನಾ ಮೀನು ಮಾರುಕಟ್ಟೆಯಲ್ಲಿ ನೆಲಕ್ಕೆ ಹಾಕಿ ತುಳಿದಳು. ಆಗ ಅವಳಿನ್ನೂ ಹೈಸ್ಕೂಲು. ನಾನು ಒಂದು ದೊಡ್ಡ ಹಮೂರ್ ಮೀನಿನ ಮೇಲೆ ಕಣ್ಣಿಟ್ಟು, ಪಕ್ಕದ ಸಿಗಡಿಯನ್ನು ನೋಡುತ್ತಾ, ಮುಖದಲ್ಲಿ ಜೀವನದ ಎಲ್ಲ ಬೇಸರ ತಂದುಕೊಂಡು ಚೌಕಾಸಿ ಮಾಡುತ್ತಿದ್ದೆ. ಮಲಯಾಳಿ ಅಂಗಡಿಯವನು ಇಳಿಯುತ್ತಾ ಇಳಿಯುತ್ತಾ ನೆಲಮಹಡಿಗೆ ಬಂದಿದ್ದ. ಇನ್ನೊಂದು ಮೆಟ್ಟಿಲು ಇಳಿಸಿದರೆ ಕೆಲಸ ಖಲಾಸ್. ಆಗ ಇವಳು ಮುಂದೆ ಬಂದು ಕೇಳಿದಳು.

"ಚೇಟ್ಟಾ, ಈ ಮೀನು ನೀರಿನಲ್ಲಿ ಮುಳುಗುದೂ ಇಲ್ಲ, ತೇಲುದೂ ಇಲ್ಲ, ನಡುವೆ ನಿಲ್ತದಲ್ಲ. ಹೊಟ್ಟೆಯೊಳಗೆ ಗಾಳಿಚೀಲ ಉಂಟಂತೆ. ತೆಗೆದು ತೋರಿಸ್ತೀರಾ?"

ಹುಟ್ಟಿದಾಗಿನಿಂದ ಮೀನು ಮಾರಿದವನಿಗೆ ಇಂಥ ಗೌರವದ ಪ್ರಶ್ನೆ ಯಾರೂ ಕೇಳಿರಲಿಲ್ಲವೋ ಏನೋ. ಅವನು ಕತ್ತಿ ತೆಗೆದುಕೊಂಡು, ಆಪರೇಷನ್ ಮಾಡುವವನ ಹಾಗೆ ಒಂದು ಸಣ್ಣ ಮೀನನ್ನು ಸೀಳಿ, ಬೆಳ್ಳಗಿನ ಚೀಲವೊಂದನ್ನು ತೊಳೆದು ಅವಳ ಅಂಗೈ ಮೇಲಿಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದಳು. ಜನ ಸೇರಿದರು. ಬಿಳಿ ನಿಲುವಂಗಿಯ ಒಬ್ಬ ಅರಬ್ ಅಜ್ಜ ಬಂದು ಕುತೂಹಲದಿಂದ ನಿಂತ. ಅವಳು ಅಜ್ಜನಿಗೂ ಅರ್ಧ ಇಂಗ್ಲಿಷು, ಕಾಲು ಅರಬ್ಬಿ, ಉಳಿದದ್ದು ಕೈಸನ್ನೆಯಲ್ಲಿ ಗಾಳಿ, ನೀರು, ಒತ್ತಡ ಎಲ್ಲವನ್ನೂ ವಿವರಿಸಿದಳು. ಅಜ್ಜ ತಲೆದೂಗಿ, ಸಂತೋಷಪಟ್ಟು, ನಾನು ಅಷ್ಟು ಕಷ್ಟಪಟ್ಟು ಇಳಿಸಿಟ್ಟಿದ್ದ ಬೆಲೆಗೆ ನನ್ನ ಹಮೂರ್ ಕೊಂಡುಕೊಂಡು ಹೋದ.

ದುಬೈಗೆ ಹಿಂತಿರುಗಿದಾಗ ಅಕ್ಕ ಮಸಾಲೆ ಅರೆದಿಟ್ಟು ಕಾಯುತ್ತಿದ್ದಳು. "ಮೀನೆಲ್ಲಿ?" ಎಂದಳು. ಮಗಳು ಪ್ಲಾಸ್ಟಿಕ್ ಕವರಿನಿಂದ ಗಾಳಿಚೀಲ ತೆಗೆದು ಮೇಜಿನ ಮೇಲಿಟ್ಟಳು. ಆ ದಿನ ನಾವು ಮಸಾಲೆಯ ಜೊತೆ ಬದನೆಕಾಯಿ ತಿಂದೆವು.

ಇಂಥ ಹುಡುಗಿ ಹನ್ನೆರಡನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಾಗ ಡಿಸ್ಕವರಿ ಗಾರ್ಡನ್ಸ್‌ನ ಅಕ್ಕನ ಫ್ಲ್ಯಾಟಿನಲ್ಲಿ ಒಂದು ಭಾನುವಾರ ಊಟದ ಕಾರ್ಯಕ್ರಮ. ನೀರುದೋಸೆ, ಕೋಳಿ ಸಾರು. ನಾನು, ಅಕ್ಕ, ಭಾವ, ಎದುರು ಮನೆಯ ಬಾಯಿ. ಬಾಯಿ ಎಂದು ನಾವು ಗೌರವದಿಂದ ಕರೆಯುವ ಇವರು ಮಂಗಳೂರಿನ ಕೊಂಕಣಿ ಕ್ರೈಸ್ತರು, ನಿವೃತ್ತಿಗೆ ಹತ್ತಿರವಾದ ನರ್ಸು, ಅಕ್ಕನ ಸುಖದುಃಖಕ್ಕೆಲ್ಲ ಬರುವವರು. ಭಾವ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ವಿಭಾಗದಲ್ಲಿದ್ದಾರೆ. ಡಾಕ್ಟರುಗಳು ಬರೆದದ್ದಕ್ಕೆ ವಿಮೆಯವರ ಒಪ್ಪಿಗೆ ತರಿಸುವುದು ಅವರ ಕೆಲಸ. ಡಾಕ್ಟರೆಂದರೆ ಅವರಿಗೆ ಎಷ್ಟು ಭಕ್ತಿಯೆಂದರೆ ಡಾಕ್ಟರು ಫೋನು ಮಾಡಿದರೂ ಎದ್ದು ನಿಲ್ಲುತ್ತಾರೆ. ಮನೆಯಲ್ಲಿ ಸೋಫಾದಲ್ಲಿ ಮಲಗಿದ್ದಾಗ ಕರೆ ಬಂದು, ಎದ್ದು ನಿಂತು, ಲುಂಗಿ ಸರಿಮಾಡಿಕೊಂಡು "ಯೆಸ್ ಡಾಕ್ಟರ್" ಎಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಗಳು ಡಾಕ್ಟರಾದರೆ ಈ ಮನುಷ್ಯ ಮನೆಯಲ್ಲಿ ಕೂರುವುದು ಯಾವಾಗ ಎಂಬ ಚಿಂತೆಯೂ ನನಗಿತ್ತು.

ದೋಸೆಯ ನಡುವೆ ಭಾವ ವಿಷಯ ತೆಗೆದರು. "ಊರಿನಲ್ಲಿ ಮೆಡಿಕಲ್ ಕಾಲೇಜಿನ ಬಗ್ಗೆ ವಿಚಾರಿಸಿದ್ದೇನೆ. ಮಂಗಳೂರಿನಲ್ಲಾದ್ರೆ ಅಜ್ಜಿಮನೆಯಿಂದ ಹೋಗಿ ಬರಬಹುದು."

ಹುಡುಗಿ ಬಾಯಲ್ಲಿದ್ದದ್ದನ್ನು ನುಂಗಿ, "ಅಪ್ಪಾ, ನಾನು ಡಾಕ್ಟರ್ ಆಗ್ತೇನೆ" ಎಂದಳು. ಎಲ್ಲರ ಮುಖ ಅರಳಿತು. "ಬಟ್ ಫಸ್ಟ್, ಬಯೋಫಿಸಿಕ್ಸ್."

ಆ ಕ್ಷಣವನ್ನು ಹೇಗೆ ವರ್ಣಿಸಲಿ? ಭಾವನ ಕೈಯಲ್ಲಿದ್ದ ದೋಸೆಯ ತುಂಡು ಸಾರಿನ ಬಟ್ಟಲಿಗೂ ಬಾಯಿಗೂ ನಡುವೆ ನಿಂತಿತು, ಗಾಳಿಚೀಲವಿರುವ ಮೀನಿನ ಹಾಗೆ. ಅಕ್ಕ ನನ್ನ ಮುಖ ನೋಡಿದಳು. ನಾನು ಬಾಯಿಯ ಮುಖ ನೋಡಿದೆ. ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

"ಎಂತ ಅದು?" ಎಂದೆ ನಾನು.

"ಡಿಗ್ರಿ ತಮ್ಮಲೆ. ನಾಲ್ಕು ವರ್ಷ. ಅದಾದ ಮೇಲೆ ಮೆಡಿಸಿನ್. ಅಬುಧಾಬಿಯಲ್ಲಿ ಡಿಗ್ರಿ ಮುಗಿಸಿದವರನ್ನೇ ತಕ್ಕೊಳ್ಳುವ ಮೆಡಿಕಲ್ ಕಾಲೇಜ್ ಉಂಟು."

ತಮ್ಮಲೆ ಎಂದರೆ ನಮ್ಮ ತುಳುವಿನಲ್ಲಿ ಸೋದರಮಾವ. ನಮ್ಮ ಕಡೆ ಅಕ್ಕತಂಗಿಯರ ಮಕ್ಕಳ ವಿಷಯದಲ್ಲಿ ಅಪ್ಪನ ಮಾತು ಒಂದು ಪಾಲಾದರೆ ಸೋದರಮಾವನ ಮಾತು ಎರಡು ಪಾಲು. ಹಿಂದೆ ಆಸ್ತಿಯೂ ಆ ದಾರಿಯಲ್ಲೇ ಹೋಗುತ್ತಿತ್ತು. ಈಗ ಆಸ್ತಿ ಹೋಗಿ ಬರೀ ತಲೆನೋವು ಉಳಿದಿದೆ. ಹಾಗಾಗಿ ಎಲ್ಲರೂ ನನ್ನ ಕಡೆ ತಿರುಗಿದರು.

"ಅಲ್ಲ ಮಾರಾಯ್ತಿ," ಎಂದೆ, "ಡಾಕ್ಟರ್ ಆಗುವವಳಿಗೆ ಫಿಸಿಕ್ಸ್ ಎಂತಕ್ಕೆ? ಅಂಗಡಿಗೆ ಹೋಗುವವ ಸಮುದ್ರ ಸುತ್ತಿ ಹೋಗ್ತಾನಾ?"

"ತಮ್ಮಲೆ, ನಿಮ್ಮ ಗೋದಾಮಿನಲ್ಲಿ ನೀರಿನ ಪಂಪ್ ರಿಪೇರಿ ಮಾಡುವವ ಬರ್ತಾನಲ್ಲ. ಅವನಿಗೆ ಪಂಪ್ ಹೇಗೆ ಕೆಲಸ ಮಾಡುದು ಅಂತ ಗೊತ್ತಿರಬೇಕಾ ಬೇಡವಾ?"

"ಗೊತ್ತಿರಬೇಕು."

"ಹಾರ್ಟ್ ಪಂಪಲ್ವಾ?"

ವ್ಯಾಪಾರದಲ್ಲಿ ಇಂಥ ಹೊತ್ತಿನಲ್ಲಿ ಕೆಮ್ಮಬೇಕು. ನಾನು ಕೆಮ್ಮಿದೆ. ಅಕ್ಕ ನೀರು ಕೊಟ್ಟಳು. ಭಾವ ಮೆಲ್ಲಗೆ, "ನಮ್ಮ ಆಸ್ಪತ್ರೆಯ ಹಾರ್ಟ್ ಡಾಕ್ಟರು ಬಯೋಫಿಸಿಕ್ಸ್ ಮಾಡ್ಲಿಲ್ಲ. ಚೆನ್ನಾಗಿಯೇ ಇದ್ದಾರೆ" ಎಂದರು.

"ಇರಬಹುದು ಅಪ್ಪಾ. ಆದ್ರೆ ಡಾಕ್ಟರ್ ಆದ ಮೇಲೆ ನನ್ನನ್ನು ಸುಮ್ಮನೆ ಕೂತು ಯೋಚನೆ ಮಾಡ್ಲಿಕ್ಕೆ ಯಾರೂ ಬಿಡುದಿಲ್ಲ. ಕ್ಯೂ ಇರ್ತದೆ. ಅದಕ್ಕೇ ಮೊದಲೇ ಯೋಚನೆ ಮಾಡಿ ಮುಗಿಸ್ತೇನೆ."

ಹೊರಡುವಾಗ ಬಾಯಿ ಬಾಗಿಲಲ್ಲಿ ಅಕ್ಕನ ಕೈ ಹಿಡಿದು, "ಧೈರ್ಯ ತಕ್ಕೊಳ್ಳಿ. ನನ್ನ ತಂಗಿಯ ಮಗ ಹೀಗೆಯೇ ಫಿಲಾಸಫಿ ಅಂತ ಹೇಳಿದ್ದ. ಈಗ ಸರಿಯಾಗಿದ್ದಾನೆ" ಎಂದು ಹೇಳಿ ಹೋದರು.

ಅಕ್ಕ ನನ್ನನ್ನು ಲಿಫ್ಟಿನವರೆಗೆ ಬಿಡಲು ಬಂದಳು. "ನೀನು ಎಲ್ಲರ ಹತ್ತಿರ ಮಾತಾಡಿ ಇಳಿಸ್ತೀಯಲ್ಲ. ಇದನ್ನೂ ಸ್ವಲ್ಪ ಇಳಿಸು."

ಇಳಿಸುವುದಕ್ಕೆ ಹೊರಟೆ. ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಕಾಲೇಜು ಪ್ರವೇಶದ ಸಲಹೆ ಕೊಡುವ ಒಬ್ಬ ಹೆಂಗಸಿನ ಆಫೀಸಿತ್ತು. ಗಾಜಿನ ಕಟ್ಟಡ, ಗಾಜಿನ ಮೇಜು, ಹೆಂಗಸಿನ ಕನ್ನಡಕದ ಗಾಜೂ ದಪ್ಪ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಹಿಂದಿಯಲ್ಲಿ ಶುರು ಮಾಡಿದೆ.

"ಮೇಡಂ, ನಾಲ್ಕು ವರ್ಷ ಬಯೋಫಿಸಿಕ್ಸು, ಆಮೇಲೆ ಇನ್ನಷ್ಟು ವರ್ಷ ಮೆಡಿಸಿನ್ನು. ಎರಡನ್ನೂ ಒಟ್ಟಿಗೆ ತಕ್ಕೊಳ್ತೇವೆ. ಕೊನೆಯ ಮಾತು ಹೇಳಿ."

"ಫೀಸಿನ ಬಗ್ಗೆ ಕೇಳ್ತಿದ್ದೀರಾ ಸರ್?"

"ಫೀಸು ಆಮೇಲೆ. ವರ್ಷದಲ್ಲಿ ಎಷ್ಟು ಬಿಡ್ತೀರಿ?"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಬಿಡಲಿಲ್ಲ. ಬಯೋ ಎಂಬ ಅರ್ಧ ಹೇಗೂ ಮೆಡಿಸಿನ್ನಿನಲ್ಲಿ ಬಂದೇ ಬರುತ್ತದೆ, ಆ ಅರ್ಧವನ್ನು ಕಳೆದರೆ ಬರೀ ಫಿಸಿಕ್ಸು ಉಳಿಯುತ್ತದೆ, ಫಿಸಿಕ್ಸಿನಲ್ಲಿ ರಾಕೆಟ್ಟು ಗ್ರಹಗಳೆಲ್ಲ ನಮಗೆ ಬೇಡ, ಅದನ್ನೂ ಕಳೆದರೆ ಒಂದು ವರ್ಷಕ್ಕೆ ಆರಾಮವಾಗಿ ಮುಗಿಯುತ್ತದೆ ಎಂದು ಲೆಕ್ಕ ಬಿಡಿಸಿ ತೋರಿಸಿದೆ. ನೀವೇ ಹೇಳಿ, ಇದರಲ್ಲಿ ತಪ್ಪೇನಿದೆ? ಜೊತೆಗೆ ಹೇಳಿದೆ, "ನಮ್ಮ ಸಮುದಾಯದಲ್ಲಿ ತುಂಬ ಮಕ್ಕಳಿದ್ದಾರೆ. ಈ ಕೇಸ್ ಸರಿ ಮಾಡಿಕೊಟ್ರೆ ಎಲ್ಲರನ್ನೂ ನಿಮ್ಮಲ್ಲಿಗೇ ಕಳಿಸ್ತೇನೆ."

"ಸರ್, ವರ್ಷ ಕಡಿಮೆ ಮಾಡ್ಲಿಕ್ಕೆ ಬರುದಿಲ್ಲ."

ಆಗ ನಾನು ಕೊನೆಯ ಅಸ್ತ್ರ ತೆಗೆದೆ. ಇದು ಮೂವತ್ತಾರು ಅಂಗಡಿಗಳಲ್ಲಿ ಪರೀಕ್ಷೆಯಾದ ಅಸ್ತ್ರ. ಕುರ್ಚಿ ಹಿಂದೆ ಸರಿಸಿ, "ಸರಿ, ಹಾಗಾದ್ರೆ ಬೇಡ" ಎಂದು ಎದ್ದು, ಬೆನ್ನು ತಿರುಗಿಸಿ, ಬಾಗಿಲ ಕಡೆ ನಡೆಯುವುದು. ಜಂಬ ಬೇಡ, ಅವಸರ ಬೇಡ. ಕಾರ್ಪೆಟ್ ವ್ಯಾಪಾರಿಯಾದರೆ ಬಾಗಿಲು ಮುಟ್ಟುವ ಮೊದಲೇ ಕರೆಯುತ್ತಾನೆ. ಚಿನ್ನದವನಾದರೆ ಬೀದಿಗಿಳಿದ ಮೇಲೆ. ನಾನು ಬಾಗಿಲು ದಾಟಿದೆ, ಕಾರಿಡಾರು ದಾಟಿದೆ, ಲಿಫ್ಟಿನ ಗುಂಡಿ ಒತ್ತಿದೆ. ಲಿಫ್ಟು ಬಂತು. ಲಿಫ್ಟು ಹೋಯಿತು. ಯಾರೂ ಕರೆಯಲಿಲ್ಲ! ಕೊನೆಗೆ ಮರ್ಯಾದೆ ಬಿಟ್ಟು ನಾನೇ ಹಿಂತಿರುಗಿದರೆ, ಆ ಹೆಂಗಸೂ ನನ್ನ ಅಕ್ಕನ ಮಗಳೂ ತಲೆಗೆ ತಲೆ ತಾಗಿಸಿಕೊಂಡು ನರಗಳಲ್ಲಿ ಕರೆಂಟು ಹೇಗೆ ಹರಿಯುತ್ತದೆ ಎಂಬ ವಿಷಯ ಮಾತಾಡುತ್ತಿದ್ದರು. ನಾನು ಹೋದದ್ದನ್ನೇ ಗಮನಿಸಿರಲಿಲ್ಲ.

"ತಮ್ಮಲೆ, ವಾಷ್‌ರೂಮ್ ಸಿಕ್ಕಿತಾ?" ಎಂದು ಕೇಳಿದಳು.

ನನ್ನ ವ್ಯಾಪಾರ ಜೀವನದಲ್ಲಿ ಇಷ್ಟು ದೊಡ್ಡ ಅವಮಾನ ಇನ್ನೊಂದಿಲ್ಲ. ಒಂದು ಪೆನ್ನು ಪುಕ್ಕಟೆ ಕೊಟ್ಟರು. ಅದೂ ಬರೆಯುತ್ತಿರಲಿಲ್ಲ.

ಹೊರಗೆ ಇಳಿಸಲಾಗದಿದ್ದರೆ ಒಳಗೆ ಇಳಿಸಬೇಕು. ನಾನು ಅಕ್ಕನ ಮನೆಯಲ್ಲಿ ಮೂವರನ್ನೂ ಕೂರಿಸಿ ಮಧ್ಯಸ್ಥಿಕೆ ಮಾಡಿದೆ. ಒಪ್ಪಂದ ಹೀಗಾಯಿತು: ಅವಳು ಬಯೋಫಿಸಿಕ್ಸ್ ಓದಲಿ. ಮುಗಿದ ಮೇಲೆ ಮೆಡಿಕಲ್ ಸೀಟಿಗೆ ಒಂದೇ ಒಂದು ಸಲ ಪ್ರಯತ್ನ. ಸಿಕ್ಕಿದರೆ ಸಂತೋಷ. ಸಿಗದಿದ್ದರೆ ಎರಡನೇ ಸಲ ಎಂಬ ಮಾತಿಲ್ಲ, ಭಾವನ ಆಸ್ಪತ್ರೆಯ ಇನ್ಶೂರೆನ್ಸ್ ವಿಭಾಗದಲ್ಲಿ ಕೆಲಸಕ್ಕೆ ಸೇರಬೇಕು, ಮೆಡಿಸಿನ್ ಎಂಬ ಶಬ್ದವನ್ನು ಮತ್ತೆ ಎತ್ತಬಾರದು. ಭಾವ ಒಪ್ಪಿದರು. ಮನಸ್ಸಿನೊಳಗೆ ಎಲ್ಲರಿಗೂ ಗೊತ್ತಿತ್ತು, ಇಂಥ ಷರತ್ತು ಕೇಳಿದರೆ ಹುಡುಗಿ ಹೆದರಿ ನೇರ ದಾರಿಗೆ ಬರುತ್ತಾಳೆ.

ಹುಡುಗಿ ಒಂದು ನಿಮಿಷ ಯೋಚಿಸಿ, "ಓಕೆ. ನನ್ನದೂ ಒಂದು ಕಂಡಿಷನ್ ಉಂಟು. ಈ ನಾಲ್ಕು ವರ್ಷ ನೀವು ಯಾರೂ ನನ್ನ ಹತ್ತಿರ 'ಯಾಕೆ' ಅಂತ ಕೇಳಬಾರದು" ಎಂದಳು.

"ಅಷ್ಟೇಯಾ?" ಎಂದೆ.

"ಅಷ್ಟೇ."

ಕೈ ಕುಲುಕಿದೆವು. ಇಲ್ಲಿಯ ಮಾರುಕಟ್ಟೆಯಲ್ಲಿ ನನಗೆ ಅಷ್ಟೋ ಇಷ್ಟೋ ಹೆಸರಿದೆಯೆಂದರೆ ಅದು ಬಾಯಿಮಾತಿಗೆ. ಕೈ ಕುಲುಕಿದ ಮೇಲೆ ನಷ್ಟವಾದರೂ ನಾನು ಹಿಂದೆ ಸರಿದವನಲ್ಲ. ಪಾಕಿಸ್ತಾನಿ ಲಾರಿಯವನಿಂದ ಹಿಡಿದು ಸಿರಿಯಾದ ಬೇಕರಿಯವನವರೆಗೆ ಯಾರನ್ನು ಬೇಕಾದರೂ ಕೇಳಿ. ಆ ಹೆಸರನ್ನೇ ಅಡವಿಟ್ಟು ಈ ಒಪ್ಪಂದಕ್ಕೆ ನಾನು ನಿಂತೆ. ಲಾಭದ ಒಪ್ಪಂದ ಎಂದುಕೊಂಡು ಮನೆಗೆ ಹೋದೆ. ಯಾಕೆ ಎಂದು ಕೇಳದೆ ಬದುಕುವುದು ಎಷ್ಟು ಕಷ್ಟ ಎಂಬುದು ಆಮೇಲೆ ಗೊತ್ತಾಯಿತು.

ಅಕ್ಕನ ಫ್ರಿಜ್ಜು ತೆಗೆದರೆ ಗಾಜಿನ ಲೋಟಗಳಲ್ಲಿ ಚಿಪ್ಪಿಲ್ಲದ ಮೊಟ್ಟೆಗಳು! ವಿನೆಗರಿನಲ್ಲಿ ಮುಳುಗಿಸಿಟ್ಟು ಚಿಪ್ಪು ಕರಗಿಸಿದ್ದಳು. ಒಂದು ಸಕ್ಕರೆ ಪಾಕದಲ್ಲಿ ಸೊರಗಿ ಸುಕ್ಕಾಗಿತ್ತು, ಇನ್ನೊಂದು ಬರೀ ನೀರಿನಲ್ಲಿ ಊದಿ ಜಮೀನ್ದಾರನ ಹಾಗೆ ಕೂತಿತ್ತು. ಭಾವ ಫ್ರಿಜ್ಜಿನ ಬಾಗಿಲು ಹಿಡಿದು ಅವುಗಳನ್ನು ನೋಡುತ್ತಾ ನಿಂತಿದ್ದರು. ಏನೋ ಕೇಳಲು ಬಾಯಿ ತೆರೆದರು, ನನ್ನ ಕಡೆ ನೋಡಿದರು, ಬಾಯಿ ಮುಚ್ಚಿದರು. ಒಂದು ಬೆಳಿಗ್ಗೆ ತಡೆಯಲಾರದೆ, "ಮಗಾ, ಇದು... ಚೆನ್ನಾಗಿದೆ" ಎಂದರಂತೆ. ಅವಳು ಸಂತೋಷದಿಂದ ಪೊರೆ, ಒತ್ತಡ, ನೀರು ಯಾವ ಕಡೆ ಹೋಗುತ್ತದೆ ಎಲ್ಲ ವಿವರಿಸಿದಳಂತೆ. ಆ ದಿನ ಭಾವನಿಗೆ ಆಫೀಸಿಗೆ ತಡವಾಯಿತು. ತಡವಾದದ್ದಕ್ಕೆ ಕಾರಣ ಮೊಟ್ಟೆ ಎಂದು ಹೇಳಲು ನಾಚಿಕೆಯಾಗಿ ಟ್ರಾಫಿಕ್ ಎಂದರು. ಆಫೀಸಿನಲ್ಲಿ ಮಗಳು ಏನು ಓದುತ್ತಾಳೆ ಎಂದು ಕೇಳಿದವರಿಗೂ ಅದೇ ಉತ್ತರ: "ಡಾಕ್ಟರ್ ಆಗುದೇ. ಸ್ವಲ್ಪ ಬೇರೆ ರಸ್ತೆಯಲ್ಲಿ ಬರ್ತಾ ಇದ್ದಾಳೆ, ಟ್ರಾಫಿಕ್ ಜಾಸ್ತಿ."

ನನ್ನನ್ನೂ ಬಿಡಲಿಲ್ಲ. ಒಂದು ರಜೆಯ ದಿನ ಗೋದಾಮಿಗೆ ಬಂದು ನನ್ನ ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದು ಯಂತ್ರ ಸಿಕ್ಕಿಸಿದಳು. ಕಾಲೇಜಿನ ಪ್ರಾಜೆಕ್ಟಂತೆ, ನಾಡಿಯ ಅಲೆಗಳನ್ನು ಅಳೆಯುವುದಂತೆ. "ನೀವು ನಿಮ್ಮ ಕೆಲಸ ಮಾಡಿ ತಮ್ಮಲೆ, ನಾನು ಡಿಸ್ಟರ್ಬ್ ಮಾಡುದಿಲ್ಲ" ಎಂದು ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಳು. ಅವತ್ತು ಶಾರ್ಜಾದಿಂದ ಒಬ್ಬ ಗಿರಾಕಿ ಬಂದಿದ್ದ. ನಾನು ಒಂದು ಹಳೆಯ ಓವನ್ನನ್ನು ತೋರಿಸಿ, ಇದು ಪಂಚತಾರಾ ಹೋಟೆಲಿನದು, ವಾರಕ್ಕೊಮ್ಮೆ ಮಾತ್ರ ಉರಿಸುತ್ತಿದ್ದರು, ಅದರ ಬಾಣಸಿಗ ಮಾರುವಾಗ ಅತ್ತುಬಿಟ್ಟ ಎಂದೆಲ್ಲ ಹೇಳಿ ಮಾರಿದೆ. ಅವನು ಹೋದ ಮೇಲೆ ಇವಳು ತಲೆ ಕೆರೆದುಕೊಂಡಳು.

"ವೆರಿ ಸ್ಟ್ರೇಂಜ್. ಬಾಣಸಿಗ ಅತ್ತ ಅಂತ ಹೇಳುವಾಗ ನಿಮ್ಮ ನಾಡಿ ಒಂಚೂರೂ ಏರ್ಲಿಲ್ಲ ತಮ್ಮಲೆ. ನೀರಿನ ಹಾಗೆ ಇತ್ತು."

"ಮತ್ತೆ? ನಿಜ ಹೇಳಿದ್ದಲ್ವಾ."

"ಆದ್ರೆ ಡೆಲಿವರಿ ನಾಳೆ ಕೊಡ್ತೇನೆ ಅಂತ ಹೇಳಿದ್ರಲ್ಲ, ಆಗ ಮಾತ್ರ ಧಡ್ ಅಂತ ಏರಿತು."

"ಅದೊಂದು ನಿಜ ಆಗಿತ್ತು" ಎಂದು ಬಾಯಿಗೆ ಬಂದುಬಿಟ್ಟಿತು. ಅವಳು ನಕ್ಕದ್ದು ಗೋದಾಮಿನ ತಗಡಿನ ಮಾಡಿಗೆ ಬಡಿದು ವಾಪಸು ಬಂತು. ಅವತ್ತಿನಿಂದ ಗಿರಾಕಿಗಳ ಎದುರು ನಾನು ಕೈ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ನೀವೂ ಇಟ್ಟುಕೊಳ್ಳಿ. ಕಾಲ ಕೆಟ್ಟಿದೆ.

ಹೀಗೆ ನಾಲ್ಕು ವರ್ಷವೂ ಕಳೆದವು, ಒಂದು ದಿನದ ರಿಯಾಯಿತಿಯೂ ಇಲ್ಲದೆ. ಡಿಗ್ರಿ ಬಂತು. ಅಬುಧಾಬಿಯ ಕಾಲೇಜಿಗೆ ಅರ್ಜಿ ಹೋಯಿತು, ಪರೀಕ್ಷೆ ಆಯಿತು, ಸಂದರ್ಶನಕ್ಕೆ ಕರೆ ಬಂತು. ಕರೆದುಕೊಂಡು ಹೋದದ್ದು ನಾನೇ. ದಾರಿಯುದ್ದಕ್ಕೂ ಸಲಹೆ ಕೊಟ್ಟೆ. ಅವರು ಕೇಳಿದ್ದಕ್ಕೆ ತಕ್ಷಣ ಒಪ್ಪಬೇಡ, ಮೊದಲು ಅವರ ಬಾಯಿಂದ ಬರಲಿ, ತುಂಬ ಬೇಕು ಅಂತ ಮುಖದಲ್ಲಿ ತೋರಿಸಬೇಡ. ಅವಳು ಕಿಟಕಿಯ ಹೊರಗೆ ಮರಳು ನೋಡುತ್ತಾ, "ತಮ್ಮಲೆ, ನನಗೆ ತುಂಬ ಬೇಕು. ಅದನ್ನು ಮುಚ್ಚಿಡ್ಲಿಕ್ಕೆ ಬರುದಿಲ್ಲ ನನಗೆ" ಎಂದಳು. ಇಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನಾನು ಎಸಿ ಜಾಸ್ತಿ ಮಾಡಿದೆ.

ಹೊರಗೆ ಬಂದಾಗ ಅವಳ ಮುಖ ಹೊಳೆಯುತ್ತಿತ್ತು. ಸಂದರ್ಶನ ಮಾಡಿದವರಲ್ಲಿ ಒಬ್ಬರು ಕಿವಿಯ ಒಳಗೆ ಶಬ್ದ ಹಿಡಿಯುವ ಸೂಕ್ಷ್ಮ ಕೂದಲುಗಳ ಬಗ್ಗೆ ಕೇಳಿದ್ದರಂತೆ. ಇವಳು ಹೇಳುತ್ತಾ ಹೇಳುತ್ತಾ ಎದ್ದು ಬೋರ್ಡಿನ ಮೇಲೆ ಚಿತ್ರ ಬರೆದುಬಿಟ್ಟಳಂತೆ. ಹೊತ್ತು ಮುಗಿಯಿತು ಎಂದು ಅವರೇ ಕೂರಿಸಬೇಕಾಯಿತಂತೆ. ನನಗೆ ಆಘಾತವಾಯಿತು. ಸೀಟು ಕೇಳಲು ಹೋದವಳು ಅವರಿಗೇ ಪಾಠ ಮಾಡಿ ಬಂದಿದ್ದಾಳೆ! ಆದರೂ ನಾನು, ಇದೇ ಮನುಷ್ಯ, ಮನೆಗೆ ಬರುವ ದಾರಿಯಲ್ಲಿ ಸೀಟು ಸಿಕ್ಕಂತೆಯೇ ಎಂದು ಲೆಕ್ಕ ಹಾಕಿದೆ. ಎದುರು ಮನೆಯ ಬಾಯಿಗೆ ಕೂಡ ಫೋನು ಮಾಡಿ ಹೇಳಿದೆ.

ಕೆಲವು ವಾರಗಳ ನಂತರ ಬೆಳಿಗ್ಗೆ ನಾನು ಒಬ್ಬ ಗಿರಾಕಿಗೆ ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿ ತೋರಿಸುತ್ತಿದ್ದಾಗ ಅಕ್ಕನ ಫೋನು ಬಂತು. "ಇಮೇಲ್ ಬಂತು" ಎಂದಳು.

"ಹೇಳು."

"ಇಲ್ಲ ಅಂತೆ. ಸೀಟು ಕಡಿಮೆ, ಜನ ಜಾಸ್ತಿ. ಮುಂದಿನ ವರ್ಷ ಪುನಃ ಅರ್ಜಿ ಹಾಕಬಹುದು ಅಂತ ಬರೆದಿದ್ದಾರೆ."

ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು. ಗಿರಾಕಿ ಏನೋ ಬೆಲೆ ಹೇಳಿದ. ಹೂಂ ಎಂದೆ. ಅವನು ಸಂಶಯದಿಂದ ನನ್ನ ಮುಖ ನೋಡಿದ. ನಾನು ಮೊದಲ ಸಲಕ್ಕೆ ಒಪ್ಪಿದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ.

ಡಿಸ್ಕವರಿ ಗಾರ್ಡನ್ಸಿಗೆ ಹೋಗುವ ದಾರಿಯಲ್ಲಿ ನನ್ನ ಬಾಯಲ್ಲಿ ಒಂದು ವಾಕ್ಯ ತಯಾರಾಗಿ ಕೂತಿತ್ತು. ಸುಳ್ಳೇಕೆ ಹೇಳಲಿ? ನಾಲ್ಕು ವರ್ಷದಿಂದ ತಯಾರಾಗಿದ್ದ ವಾಕ್ಯ: ನಾನು ಅವತ್ತೇ ಹೇಳಿರಲಿಲ್ಲವಾ? ಇಂಥ ವಾಕ್ಯ ಹೇಳುವ ಅವಕಾಶ ಒಬ್ಬ ಸೋದರಮಾವನಿಗೆ ಜೀವನದಲ್ಲಿ ಎಷ್ಟು ಸಲ ಸಿಗುತ್ತದೆ?

ಮನೆಯಲ್ಲಿ ಭಾವ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸೋಫಾದ ತುದಿಯಲ್ಲಿ ಕೂತಿದ್ದರು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ. ಭಾವ ನನ್ನನ್ನು ಕಂಡು, "ಬನ್ನಿ. ಒಪ್ಪಂದ ಮಾಡಿಸಿದ್ದು ನೀವು. ಮುಂದಿನದ್ದನ್ನೂ ನೀವೇ ಹೇಳಿ" ಎಂದರು.

ಆಗ ಅವಳು ಕೋಣೆಯಿಂದ ಹೊರಗೆ ಬಂದಳು. ಕೂದಲು ಬಾಚಿ, ಒಳ್ಳೆಯ ಬಟ್ಟೆ ಹಾಕಿ, ಆಫೀಸಿಗೆ ಹೊರಟವಳ ಹಾಗಿದ್ದಳು. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ, ಅದೂ ಇಲ್ಲ. "ಮುಂದಿನ ವರ್ಷ ಪುನಃ ಹಾಕಬಹುದು ಅಂತ ಬರೆದಿದ್ದಾರಲ್ಲ" ಎಂದಾದರೂ ಹೇಳುತ್ತಾಳೆ ಎಂದುಕೊಂಡು ಅದಕ್ಕೂ ಉತ್ತರ ತಯಾರು ಮಾಡಿಕೊಂಡಿದ್ದೆ.

"ತಮ್ಮಲೆ, ಡೀಲ್ ಈಸ್ ಡೀಲ್," ಎಂದಳು. "ಅಪ್ಪಾ, ಯಾವತ್ತಿನಿಂದ ಬರಬೇಕು ಅಂತ ಆಫೀಸಿನಲ್ಲಿ ಕೇಳಿ. ನಾನು ರೆಡಿ."

ಅಷ್ಟೇ. ನೀರು ಬೇಕಾ ಎಂದು ಕೇಳುವಷ್ಟು ಸಣ್ಣ ದನಿಯಲ್ಲಿ.

ವ್ಯಾಪಾರದಲ್ಲಿ ಒಂದು ಭಯಂಕರ ಕ್ಷಣವಿದೆ. ಹೊಸಬರಿಗೆ ಗೊತ್ತಿರುವುದಿಲ್ಲ, ಹೇಳುತ್ತೇನೆ. ನೀವು ಬಾಯಿಗೆ ಬಂದ ಬೆಲೆ ಹೇಳುತ್ತೀರಿ, ಎದುರಿನವನು ಚೌಕಾಸಿ ಮಾಡುತ್ತಾನೆ ಎಂದು ಕಾಯುತ್ತೀರಿ. ಅವನು ಮಾಡುವುದಿಲ್ಲ. ಸರಿ ಎಂದು ಜೇಬಿಗೆ ಕೈ ಹಾಕುತ್ತಾನೆ. ಆಗ ನಿಜವಾದ ವ್ಯಾಪಾರಿಗೆ ಸಂತೋಷವಾಗುವುದಿಲ್ಲ, ತನ್ನ ಸಾಮಾನನ್ನೇ ಇನ್ನೊಮ್ಮೆ ತಿರುಗಿಸಿ ನೋಡುತ್ತಾನೆ. ಯಾಕೆಂದರೆ ಎಲ್ಲೋ ಏನೋ ತಪ್ಪಿದೆ. ಈ ಹುಡುಗಿ ಅರಬ್ ಅಜ್ಜನ ಜೊತೆ, ಸಲಹೆಗಾರ್ತಿಯ ಜೊತೆ, ಸಂದರ್ಶನ ಮಾಡುವವರ ಜೊತೆ, ಸತ್ತ ಮೀನಿನ ಜೊತೆ ಕೂಡ ಮಾತು ನಿಲ್ಲಿಸದವಳು. ಈಗ ನನ್ನ ಎದುರು ಒಂದು ಮಾತೂ ಹೆಚ್ಚು ಕಡಿಮೆ ಮಾಡದೆ ಪೂರ್ತಿ ಬೆಲೆ ಕೊಡುತ್ತಾ ನಿಂತಿದ್ದಳು. ಅದೂ ನಾನು ಬಾಯಿಗೆ ಬಂದ ಹಾಗೆ ಹೇಳಿದ್ದ ಬೆಲೆ.

ತಯಾರಾಗಿದ್ದ ವಾಕ್ಯ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಯಾವ ಡೀಲ್?" ಎಂದೆ.

ಭಾವ ತಲೆಯೆತ್ತಿದರು. "ಅಲ್ಲ, ಒಂದೇ ಸಲ ಅಂತ ನೀವೇ..."

"ನಾನು ಹೇಳಿದ್ದು ಹೌದು. ಕೈ ಕುಲುಕಿದ್ದೂ ಹೌದು. ಈಗ ಬೇಡ ಅಂತ ಹೇಳ್ತಿದ್ದೇನೆ. ಅವಳು ಮುಂದಿನ ವರ್ಷ ಪುನಃ ಹಾಕ್ತಾಳೆ. ಮಾತಿಗೆ ತಪ್ಪಿದ ಅಂತ ನನ್ನ ಬಗ್ಗೆ ಯಾರಿಗೆ ಬೇಕಾದ್ರೂ ಹೇಳಿ ಭಾವ. ಬೇಕಾದ್ರೆ ನಾನೇ ಹೇಳಿಕೊಂಡು ಬರ್ತೇನೆ."

ಭಾವ ಎದ್ದು ನಿಂತರು, ಡಾಕ್ಟರು ಫೋನು ಮಾಡಿದಾಗ ನಿಲ್ಲುವ ಹಾಗೆಯೇ. ಜಗಳಕ್ಕೆ ಎಂದುಕೊಂಡೆ. ಅವರು ನನ್ನ ತೋಳು ಹಿಡಿದು ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡರು.

"ಬೆಳಿಗ್ಗೆಯಿಂದ ಬಾಗಿಲು ನೋಡ್ತಾ ಕೂತಿದ್ದೆ ಮಾರ್ರೆ," ಎಂದರು. "ನಾನು ಹೇಳಿದ್ರೆ ಅಪ್ಪ ಪಾಪ ಅಂತ ಬಿಟ್ಟ ಅಂತ ಅವಳಿಗೆ ಅನಿಸ್ತದೆ. ಅವಳು ಒಪ್ಪುದಿಲ್ಲ. ನೀವು ಹೇಳಿದ್ರೆ ಮಾತ್ರ ಆಗುದು. ನೀವು ಹೇಳದೇ ಇದ್ರೆ ಎಂತ ಮಾಡುದು ಅಂತ..." ಕೆಳಗೆ ಯಾರದೋ ಕಾರು ಪಾರ್ಕಿಂಗ್ ಹುಡುಕಿಕೊಂಡು ಸುತ್ತುತ್ತಿತ್ತು. ನಾವಿಬ್ಬರೂ ಅದನ್ನೇ ಬಹಳ ಆಸಕ್ತಿಯಿಂದ ನೋಡಿದೆವು.

ಒಳಗೆ ಬಂದಾಗ ಅವಳು ಸೋಫಾದಲ್ಲಿ ಕಾಲು ಮಡಚಿ ಕೂತಿದ್ದಳು. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದವಳ ಮುಖವೆಲ್ಲ ಈಗ ಒದ್ದೆ. ಅಕ್ಕ ಚಾ ಮಾಡುವ ನೆಪದಲ್ಲಿ ಒಳಗಿದ್ದಳು, ಆದರೆ ಒಲೆ ಉರಿಯುತ್ತಿರಲಿಲ್ಲ.

"ತಮ್ಮಲೆ," ಎಂದಳು, ಅಂಗೈಯಿಂದ ಮೂಗು ಒರೆಸಿಕೊಂಡು. "ಮುಂದಿನ ಸಲವೂ ಸಿಗದಿದ್ರೆ?"

ನನ್ನ ಹತ್ತಿರ ಎಲ್ಲ ಗಿರಾಕಿಗಳಿಗೂ ಉತ್ತರವಿರುತ್ತದೆ. ಗ್ಯಾರಂಟಿ, ಬದಲಿ ಸಾಮಾನು, ರಿಪೇರಿಯವನ ನಂಬರು, ಏನಾದರೊಂದು. ಅವತ್ತು ಅವನ್ನೆಲ್ಲ ಬದಿಗಿಟ್ಟೆ.

"ಸಿಗದಿದ್ರೆ," ಎಂದೆ, "ಪುನಃ ಬಂದು ಮಾತಿಗೆ ತಪ್ತೇನೆ."

ಅವಳು ಕಾಲು ಕೆಳಗಿಳಿಸಿ, ಬದಿಗೆ ಸರಿದು, ನನಗೆ ಕೂರಲು ಜಾಗ ಮಾಡಿಕೊಟ್ಟಳು.